ಹಗೇವಿನ ಕಾಳು

ಕಡೂರಿನಿಂದ ಯಗಟಿಯ ಕಡೆಗೆ ಹೊರಟವರಿಗೆ ದಾರಿಯ ಎರಡು ಬದಿಗಳಲ್ಲಿಯೂ ಬಯಲುಸೀಮೆಯ ನೆಲ ಕಾಣುತ್ತದೆ. ಒಂದೆಡೆ ತೆಂಗಿನ ತೋಟ, ಇನ್ನೊಂದೆಡೆ ಮಳೆಯನ್ನೇ ನೆಚ್ಚಿಕೊಂಡ ಬೆದ್ದಲು ಹೊಲ. ಪಶ್ಚಿಮಕ್ಕೆ ದೂರದಲ್ಲಿ ಬಾಬಾಬುಡನ್ ಗಿರಿಗಳಿವೆ. ಮುಂಗಾರಿನ ಮೋಡಗಳು ತಮ್ಮ ಭಾರವನ್ನು ಬಹುಮಟ್ಟಿಗೆ ಆ ಗಿರಿಗಳ ಮೇಲೆಯೇ ಇಳಿಸಿ, ಇತ್ತ ಬರುವ ಹೊತ್ತಿಗೆ ಹಗುರಾಗಿರುತ್ತವೆ. ಹೀಗಾಗಿ ಒಂದೇ ಜಿಲ್ಲೆಯ ಒಂದು ಮಗ್ಗುಲು ಮಲೆನಾಡು, ಮತ್ತೊಂದು ಮಗ್ಗುಲು ಬಯಲು. ಯಗಟಿಯು ಈ ಬಯಲಿನ ಮಗ್ಗುಲಿಗೆ ಸೇರಿದ ಹೋಬಳಿಯ ಕೇಂದ್ರ. ಇಲ್ಲಿಯ ಒಕ್ಕಲು ಮಕ್ಕಳು ಆಕಾಶವನ್ನು ನೋಡಿ ಆಸೆಪಡುವುದನ್ನು ಕಲಿತವರು. ಆಸೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನೂ ಆ ಆಕಾಶದಿಂದಲೇ ಕಲಿತವರು.

2023ನೆಯ ಇಸವಿಯ ಜುಲೈ ತಿಂಗಳಿನ ಒಂದು ದಿನ, ಈ ಊರಿನ ಒಂಬತ್ತನೆಯ ತರಗತಿಯೊಂದರಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಕನ್ನಡ ಮೇಷ್ಟರು ಹಿಂದಿನ ದಿನ ‘ನನ್ನ ಆಸೆ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆದು ತರಲು ಹೇಳಿದ್ದರು. ಪುಸ್ತಕಗಳೆಲ್ಲ ಮೇಜಿನ ಮೇಲೆ ರಾಶಿಯಾದವು. ಮೇಷ್ಟರು ಒಂದೊಂದನ್ನೇ ತೆಗೆದು ಓದತೊಡಗಿದರು. ಮೊದಲನೆಯದರಲ್ಲಿ ಡಾಕ್ಟರಾಗುವ ಆಸೆ. ಎರಡನೆಯದರಲ್ಲಿ ಎಂಜಿನಿಯರಾಗುವ ಆಸೆ. ಮೂರನೆಯದರಲ್ಲಿ ಮತ್ತೆ ಡಾಕ್ಟರು. ಬೆಂಗಳೂರಿನಲ್ಲಿ ಒಂದು ಮನೆ, ಮನೆಯ ಮುಂದೆ ಒಂದು ಕಾರು, ಊರಿಗೆ ಬಂದಾಗ ಜನ ಎದ್ದು ನಿಂತು ಗೌರವಿಸುವುದು, ಇವು ಬಹುಪಾಲು ಪುಸ್ತಕಗಳಲ್ಲಿ ಒಂದೇ ಕ್ರಮದಲ್ಲಿ ಬಂದಿದ್ದವು. ಮೇಷ್ಟರು ಯಾರನ್ನೂ ಗದರಿಸಲಿಲ್ಲ, ಹಾಸ್ಯವನ್ನೂ ಮಾಡಲಿಲ್ಲ. ಕೊನೆಯ ಪುಸ್ತಕವನ್ನು ಕೆಳಗಿಟ್ಟು ಹೀಗೆಂದರು:

“ಮಕ್ಕಳೇ, ಆಸೆಗಳು ಚೆನ್ನಾಗಿಯೇ ಇವೆ. ನನಗೆ ಒಂದೇ ಒಂದು ಸಂಶಯ. ನೀವು ಬೇರೆ ಬೇರೆ ಮನೆಗಳಲ್ಲಿ ಕುಳಿತು ಬರೆದಿದ್ದೀರಿ. ಆದರೂ ಎಲ್ಲ ಪುಸ್ತಕಗಳನ್ನೂ ಒಂದೇ ಕೈ ಬರೆದಂತಿದೆ. ಆ ಕೈ ಯಾರದು?”

ತರಗತಿ ಸುಮ್ಮನಾಯಿತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಗೆ ಕಿವಿ ಬಿಸಿಯಾದಂತಾಯಿತು. ಅವಳೂ ಡಾಕ್ಟರಾಗುವೆನೆಂದೇ ಬರೆದಿದ್ದಳು. ಯಾರೂ ಅವಳಿಗೆ ಹೇಳಿ ಬರೆಸಿರಲಿಲ್ಲ. ತನ್ನ ಮನಸ್ಸಿನಿಂದಲೇ ಬಂದ ಮಾತೆಂದು ಅವಳು ಭಾವಿಸಿದ್ದಳು. ಈಗ ನೋಡಿದರೆ ಅದೇ ಮಾತು ನೆರೆಯವಳ ಪುಸ್ತಕದಲ್ಲಿಯೂ ಇತ್ತು, ಹಿಂದಿನ ಸಾಲಿನ ಹುಡುಗನ ಪುಸ್ತಕದಲ್ಲಿಯೂ ಇತ್ತು. ಹಾಗಾದರೆ ಅದು ಅವಳದೇ? ಅಥವಾ ಎಲ್ಲಿಯೋ ಬಿದ್ದಿದ್ದುದನ್ನು ಅವಳು ಎತ್ತಿಕೊಂಡದ್ದೇ?

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವಳು ಮನೆಗೆ ಬಂದಳು. ಮನೆಯಲ್ಲಿ ಬೇರೊಂದು ಚರ್ಚೆ ನಡೆಯುತ್ತಿತ್ತು. ಜಗಲಿಯ ಮೇಲೆ ಅಜ್ಜ ಎಲೆ ಅಡಿಕೆಯ ಚೀಲವನ್ನು ಬಿಚ್ಚಿಕೊಂಡು ಕುಳಿತಿದ್ದರು. ತಂದೆ ಕಂಬಕ್ಕೆ ಒರಗಿ ನಿಂತು ಮಾತನಾಡುತ್ತಿದ್ದರು. ಎರಡು ಎಕರೆ ಬೆದ್ದಲು ಹೊಲದಲ್ಲಿ ರಾಗಿಯನ್ನು ಬಿಟ್ಟು ಅಡಿಕೆ ಸಸಿ ಹಾಕಬೇಕು, ಅದಕ್ಕಾಗಿ ಸಾಲ ಮಾಡಿಯಾದರೂ ಕೊಳವೆಬಾವಿ ಕೊರೆಸಬೇಕು ಎಂಬುದು ತಂದೆಯ ಆಸೆ.

“ಪಕ್ಕದ ಹೊಲದವರು ಹಾಕಿದರು, ಅವರ ಆಚೆಯವರೂ ಹಾಕಿದರು. ನಾವು ಮಾತ್ರ ರಾಗಿ ಬಿತ್ತಿಕೊಂಡು ಕೂತರೆ ಜನ ಏನಂತಾರಪ್ಪ?” ಎಂದರು ತಂದೆ.

ಅಜ್ಜ ಎಲೆಗೆ ಸುಣ್ಣ ಸವರುತ್ತ, “ಜನ ಏನಂತಾರೋ ನನಗೆ ಗೊತ್ತಿಲ್ಲ ಮಗ. ನೆಲದ ಕೆಳಗಿನ ನೀರು ಏನನ್ನುತ್ತೆ ಅಂತ ಕೇಳಿದೀಯಾ?” ಎಂದರು.

ಹುಡುಗಿ ಬಾಗಿಲಲ್ಲಿಯೇ ನಿಂತಳು. ಶಾಲೆಯಲ್ಲಿ ಕೇಳಿದ ಪ್ರಶ್ನೆ ಅವಳಿಗಿಂತ ಮೊದಲೇ ಮನೆಗೆ ಬಂದು ಕುಳಿತಂತೆ ಅವಳಿಗೆ ತೋರಿತು.

ಮನುಷ್ಯನು ತನ್ನ ಆಸೆಗಳನ್ನು ಬಲು ಸಲಿಗೆಯಿಂದ ‘ನನ್ನವು’ ಎಂದು ಕರೆಯುತ್ತಾನೆ. ಮನೆಯ ಬಗೆಗೆ ಪತ್ರ ಕೇಳುತ್ತಾನೆ, ಹೊಲದ ಬಗೆಗೆ ಪಹಣಿ ಕೇಳುತ್ತಾನೆ. ಆಸೆಯ ಬಗೆಗೆ ಮಾತ್ರ ಯಾವ ದಾಖಲೆಯನ್ನೂ ಕೇಳುವುದಿಲ್ಲ. ಅದು ಎಲ್ಲಿಂದ ಬಂದಿತು, ಯಾರು ತಂದು ಬಿಟ್ಟರು ಎಂದು ವಿಚಾರಿಸದೆಯೇ ಅದನ್ನು ಒಳಗೆ ಕರೆದು ಕೂರಿಸಿಕೊಳ್ಳುತ್ತಾನೆ. ವಿಚಾರಿಸಿ ನೋಡಿದರೆ ಅನೇಕ ಆಸೆಗಳ ಹಿಂದೆ ಒಂದು ಚರಿತ್ರೆಯೇ ಇರುತ್ತದೆ.

ಬೆಳಗಿನ ಕಾಫಿಯನ್ನೇ ತೆಗೆದುಕೊಳ್ಳೋಣ. ಇಂದು ಯಗಟಿಯ ಮನೆಮನೆಯಲ್ಲಿ ದಿನ ತೊಡಗುವುದು ಕಾಫಿಯಿಂದ ಅಥವಾ ಚಹಾದಿಂದ. ಅದಿಲ್ಲದಿದ್ದರೆ ಕೆಲವರಿಗೆ ತಲೆನೋವೇ ಬರುತ್ತದೆ. ಆದರೆ ಆ ಹುಡುಗಿಯ ಅಜ್ಜ ಚಿಕ್ಕವರಾಗಿದ್ದಾಗ ಬೆಳಗಿನ ಹೊತ್ತು ಹೊಟ್ಟೆಗೆ ಬೀಳುತ್ತಿದ್ದುದು ರಾಗಿಯ ಅಂಬಲಿ. ಕಾಫಿಯ ಗಿಡ ದೂರದ್ದೇನೂ ಅಲ್ಲ. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬ್ಬೀ ನಾಡಿನಿಂದ ಏಳು ಬೀಜಗಳನ್ನು ತಂದು ಇದೇ ಜಿಲ್ಲೆಯ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಬ್ರಿಟಿಷರ ಕಾಲದಲ್ಲಿ ಅದು ದೊಡ್ಡ ತೋಟಗಳ ಬೆಳೆಯಾಯಿತು. ಆದರೂ ಬೆಳೆಯುತ್ತಿದ್ದುದು ಹೆಚ್ಚಾಗಿ ಹಡಗು ಹತ್ತುವುದಕ್ಕೆ. ಬಯಲಿನ ರೈತನ ಲೋಟಕ್ಕಲ್ಲ.

1930ರ ದಶಕದಲ್ಲಿ ಜಗತ್ತಿನಲ್ಲೆಲ್ಲ ಆರ್ಥಿಕ ಮುಗ್ಗಟ್ಟು ತಲೆದೋರಿತು. ಹೊರದೇಶಗಳಲ್ಲಿ ಕಾಫಿಯ ಬೆಲೆ ಕುಸಿಯಿತು. ಬೆಳೆದದ್ದನ್ನು ಕುಡಿಯುವವರು ಬೇಕಾಗಿತ್ತು. ಆಗ ಕಾಫಿಯ ಮೇಲೆ ಒಂದು ಸಣ್ಣ ಸುಂಕವನ್ನು ವಿಧಿಸಿ, ಆ ಹಣದಿಂದ ದೇಶದೊಳಗೆ ಕಾಫಿಯ ರುಚಿಯನ್ನು ಹರಡುವ ಕೆಲಸ ನಡೆಯಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. 1942ರ ಕಾನೂನಿನ ಮೇರೆಗೆ ಕಾಫಿ ಮಂಡಲಿಯು ನೆಲೆಗೊಂಡಿತು. ಚಹಾಕ್ಕೆ ಇಂಥದೇ ಸುಂಕದ ಕಾನೂನು ಅದಕ್ಕೂ ಬಹಳ ಮುಂಚೆ, 1903ರಲ್ಲಿಯೇ ಬಂದಿತ್ತು. ಜನರಿಗೆ ಚಹಾ ಮಾಡುವ ಬಗೆಯನ್ನು ತೋರಿಸಿ, ಬಿಟ್ಟಿಯಾಗಿ ಕುಡಿಸಿ, ಅಭ್ಯಾಸ ಹಿಡಿಸಿದ ಕಾಲವೂ ಒಂದಿತ್ತು. ಹೀಗೆ ಯಾರದೋ ಸರಕು ಉಳಿಯಬಾರದೆಂದು ಬಿತ್ತಿದ ರುಚಿ, ಎರಡು ತಲೆಮಾರು ಕಳೆಯುವುದರೊಳಗೆ, ಇಲ್ಲದಿದ್ದರೆ ತಲೆ ನೋಯುವಷ್ಟು ನಮ್ಮದಾಯಿತು. ಹೊರಗಿನಿಂದ ಬಂದ ಆಸೆ ಮನಸ್ಸಿನಲ್ಲಿಯೇ ನಿಲ್ಲುವುದಿಲ್ಲ, ಮೈಯೊಳಕ್ಕೂ ಇಳಿಯುತ್ತದೆ.

ಕಾಫಿಯಿಂದ ಹಾನಿಯಾಯಿತೆಂದು ಹೇಳುವುದಕ್ಕಾಗಿ ಈ ಮಾತಲ್ಲ. ಜಿಲ್ಲೆಯ ಎಷ್ಟೋ ಸಂಸಾರಗಳು ಅದರಿಂದ ಅನ್ನ ಕಂಡಿವೆ. ‘ನನಗೆ ಬೇಕೆನಿಸಿತು’ ಎಂಬ ಮಾತಿನ ಹಿಂದೆ ನಾವು ಕಾಣದ ಎಷ್ಟು ಕೈಗಳಿರುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ, ಅಷ್ಟೆ.

ಇನ್ನು ರಾಗಿಯ ಕಥೆ. ಅದು ಕಾಫಿಯ ಕಥೆಗಿಂತ ಹೆಚ್ಚು ವಿಚಿತ್ರವಾದುದು. ಬಯಲುಸೀಮೆಯ ಜನ ತಲೆತಲಾಂತರದಿಂದ ಉಂಡು ಬೆಳೆದದ್ದು ರಾಗಿಯ ಮುದ್ದೆಯನ್ನು. ಆದರೂ ಒಂದು ಕಾಲದಲ್ಲಿ, ನೆಂಟರು ಬಂದಾಗ ಮುದ್ದೆ ಬಡಿಸುವುದೆಂದರೆ ಸಂಕೋಚ. ಮದುವೆಯಲ್ಲಿ ಬಿಳಿಯ ಅನ್ನವಿಲ್ಲದಿದ್ದರೆ ಅದು ಮದುವೆಯೇ ಅಲ್ಲ. ಅನ್ನ ಉಣ್ಣುವವರು ಮೇಲಿನವರು, ಮುದ್ದೆ ಉಣ್ಣುವವರು ಕೆಳಗಿನವರು ಎಂಬ ಎಣಿಕೆ. ಮಕ್ಕಳು ಅನ್ನಕ್ಕೆ ಆಸೆಪಟ್ಟುದು ನಾಲಗೆಯ ರುಚಿಗಾಗಿ ಮಾತ್ರವಲ್ಲ; ಅದರ ಜೊತೆಗೆ ಬರುತ್ತಿದ್ದ ಮರ್ಯಾದೆಗಾಗಿ.

ಆಮೇಲೆ ಗಾಳಿ ತಿರುಗಿತು. ವೈದ್ಯರು ರಾಗಿಯನ್ನು ಹೊಗಳಿದರು. ನಗರದ ಅಂಗಡಿಗಳಲ್ಲಿ ರಾಗಿಯ ಬಿಸ್ಕತ್ತು, ರಾಗಿಯ ಶಾವಿಗೆಗಳು ಬಣ್ಣದ ಪೊಟ್ಟಣಗಳಲ್ಲಿ ಕುಳಿತವು. ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಒಮ್ಮೆ ನಾಚಿಕೆಯ ವಸ್ತುವಾಗಿದ್ದ ಮುದ್ದೆಗೆ ದೊಡ್ಡ ಹೋಟೆಲುಗಳಲ್ಲಿ ಬೆಳ್ಳಿಯ ತಟ್ಟೆಯ ಮರ್ಯಾದೆ ಬಂದಿತು. ಇದನ್ನು ಕೇಳಿದ ಅಜ್ಜ ನಕ್ಕುಬಿಟ್ಟರು. “ಆಗ ಬೇಡ ಅಂದೋರೂ ಅವರೇ, ಈಗ ಬೇಕು ಅನ್ನೋರೂ ಅವರೇ. ನಡುವೆ ರಾಗಿ ಏನೂ ಬದಲಾಗಲಿಲ್ಲ ಕಣವ್ವ” ಎಂದು ಮೊಮ್ಮಗಳಿಗೆ ಹೇಳಿದರು.

ಬದಲಾದುದು ರಾಗಿಯಲ್ಲ, ರಾಗಿಯನ್ನು ನೋಡುವ ಕಣ್ಣು. ಆ ಕಣ್ಣು ಕೂಡ ಎಷ್ಟೋ ವೇಳೆ ನಮ್ಮದಾಗಿರುವುದಿಲ್ಲ. ನಾವು ವಸ್ತುವನ್ನು ನೇರವಾಗಿ ನೋಡುವುದು ಕಡಿಮೆ. ಅದನ್ನು ನೋಡುತ್ತಿರುವ ಇತರರ ಮುಖವನ್ನು ನೋಡುವುದೇ ಹೆಚ್ಚು. ಅವರ ಮುಖ ಅರಳಿದರೆ ನಮಗೂ ಅದು ಬೇಕು. ಅವರ ಮುಖ ಗಂಟಿಕ್ಕಿದರೆ ನಮಗೂ ಅದು ಬೇಡ.

ಇದು ಯಗಟಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಸಾಲೊಮನ್ ಆಶ್ ಎಂಬ ಅಮೆರಿಕದ ಮನೋವಿಜ್ಞಾನಿ 1951ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಅವನು ಕೆಲವು ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿ ಒಂದು ಗೆರೆಯನ್ನು ತೋರಿಸಿದನು. ಅದರಷ್ಟೇ ಉದ್ದವಾದ ಗೆರೆಯನ್ನು ಬೇರೆ ಮೂರರಲ್ಲಿ ಗುರುತಿಸಲು ಹೇಳಿದನು. ಚಿಕ್ಕ ಮಗುವೂ ಉತ್ತರ ಹೇಳಬಹುದಾದ ಪ್ರಶ್ನೆ ಅದು. ಆದರೆ ಆ ಗುಂಪಿನಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತಿದ್ದವನು ಒಬ್ಬನೇ. ಉಳಿದವರಿಗೆ, ಬೇಕೆಂದೇ ತಪ್ಪು ಉತ್ತರ ಹೇಳುವಂತೆ ಮೊದಲೇ ತಿಳಿಸಲಾಗಿತ್ತು. ಒಬ್ಬರಾದ ಮೇಲೊಬ್ಬರು ತಪ್ಪು ಗೆರೆಯನ್ನು ತೋರಿಸುತ್ತ ಬಂದಾಗ, ಆ ಒಬ್ಬನು ತನ್ನ ಕಣ್ಣನ್ನೇ ಸಂಶಯಿಸತೊಡಗುತ್ತಿದ್ದನು. ಇಂಥ ಸಂದರ್ಭಗಳಲ್ಲಿ ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗುಂಪಿನ ತಪ್ಪನ್ನೇ ಅನುಸರಿಸಿದ್ದವು. ಎದುರಿಗೆ ಕಾಣುವ ಗೆರೆಯ ವಿಷಯದಲ್ಲಿಯೇ ಹೀಗಾದರೆ, ಕಣ್ಣಿಗೆ ಕಾಣದ ಮನಸ್ಸಿನ ಆಸೆಯ ವಿಷಯದಲ್ಲಿ ಹೇಳತಕ್ಕದ್ದೇನಿದೆ?

ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡುಬಂದಿತು. ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳಿಬಿಟ್ಟರೆ ಸಾಕು, ಪರೀಕ್ಷೆಗೆ ಕುಳಿತವನಿಗೆ ತನ್ನ ಕಣ್ಣಿನ ಮೇಲೆ ಮತ್ತೆ ನಂಬಿಕೆ ಬರುತ್ತಿತ್ತು. ಗುಂಪಿನ ಬಲ ದೊಡ್ಡದು, ನಿಜ. ಒಬ್ಬನ ನಿಜದ ಮಾತಿನ ಬಲವೂ ಸಣ್ಣದಲ್ಲ.

ಸಮಾಜವು ಏನನ್ನು ಬಯಸಬೇಕೆಂದು ಕಲಿಸುವಂತೆಯೇ ಏನನ್ನು ಬಯಸಬಾರದೆಂದೂ ಕಲಿಸುತ್ತದೆ. ನಂಜನಗೂಡು ತಿರುಮಲಾಂಬ ಅವರ ಬಾಳು ಇದಕ್ಕೆ ಸಾಕ್ಷಿ. 1887ರಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ಗಂಡನನ್ನು ಕಳೆದುಕೊಂಡರು. ಅಂದಿನ ಸಮಾಜವು ಬಾಲವಿಧವೆಗೆ ಮೂಲೆಯನ್ನು ತೋರಿಸುತ್ತಿತ್ತೇ ಹೊರತು ಪುಸ್ತಕವನ್ನು ತೋರಿಸುತ್ತಿರಲಿಲ್ಲ. ಆದರೂ ಅವರು ಓದಿದರು, ಬರೆದರು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ನಡೆಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಹೊರತಂದರು. 1982ರಲ್ಲಿ ಅವರು ತೀರಿಕೊಂಡಾಗ, ಹೆಣ್ಣುಮಕ್ಕಳು ಬರೆಯುವುದು ಕನ್ನಡದಲ್ಲಿ ಸೋಜಿಗದ ಸಂಗತಿಯಾಗಿ ಉಳಿದಿರಲಿಲ್ಲ. ಸಮಾಜವು ಕೊಡದ ಆಸೆಯನ್ನೂ ಮನುಷ್ಯನು ಬೆಳೆಸಿಕೊಳ್ಳಬಲ್ಲನೆಂಬುದಕ್ಕೆ ಇಂಥ ಬಾಳುಗಳೇ ಪ್ರಮಾಣ. ಆದರೆ ಅಕ್ಷರವನ್ನು ಅವರೇ ಕಂಡುಹಿಡಿಯಲಿಲ್ಲ. ಭಾಷೆಯನ್ನು ಅವರೇ ಸೃಷ್ಟಿಸಲಿಲ್ಲ. ಸಮಾಜವು ಕೊಟ್ಟ ಮಾತನ್ನೇ ಹಿಡಿದುಕೊಂಡು, ಸಮಾಜವು ಕೊಡದಿದ್ದ ದಾರಿಯಲ್ಲಿ ಅವರು ನಡೆದರು.

ಇಷ್ಟೆಲ್ಲ ಯೋಚಿಸಿದ ಮೇಲೆ ಹುಡುಗಿಗೆ ಹೊಸದೊಂದು ಕಳವಳ ಹುಟ್ಟಿತು. ಎಲ್ಲವೂ ಹೊರಗಿನಿಂದಲೇ ಬಂದುದಾದರೆ, ತನ್ನದು ಎನ್ನುವಂಥದು ಏನು ಉಳಿಯಿತು? ಮರುದಿನ ಅವಳು ಧೈರ್ಯ ಮಾಡಿ ಎದ್ದು ನಿಂತು ಮೇಷ್ಟರನ್ನು ಕೇಳಿದಳು: “ಸಾರ್, ಬೇರೆಯವರಿಂದ ಬಂದ ಆಸೆಗಳೆಲ್ಲ ಸುಳ್ಳೇ?”

ಮೇಷ್ಟರು ತಕ್ಷಣ ಉತ್ತರ ಹೇಳಲಿಲ್ಲ. “ನಿನ್ನೆ ರಾತ್ರಿ ಏನು ಊಟ ಮಾಡಿದೆಯಮ್ಮ?” ಎಂದು ಕೇಳಿದರು.

“ಮುದ್ದೆ, ಹುರುಳಿಕಾಳಿನ ಸಾರು, ಸಾರ್.”

“ಮುದ್ದೆ ನಮ್ಮದೇ ಊಟ, ಅಲ್ಲವೇ? ಆದರೆ ರಾಗಿಯ ತವರು ಆಫ್ರಿಕ. ಅಲ್ಲಿಯ ಎತ್ತರದ ನಾಡುಗಳಲ್ಲಿ ಮನುಷ್ಯರು ಅದನ್ನು ಮೊದಲು ಪಳಗಿಸಿದರು. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂತು. ಸಾರಿಗೆ ಹಾಕಿದ ಮೆಣಸಿನಕಾಯಿ ಅಮೆರಿಕದ್ದು, ಪೋರ್ಚುಗೀಸರು ತಂದದ್ದು. ಹಾಗೆಂದು ಮುದ್ದೆ ಸಾರು ನಮ್ಮ ಊಟವಲ್ಲ ಎಂದು ಹೇಳೋಣವೇ?”

ಮಕ್ಕಳು ನಕ್ಕರು. ಮೇಷ್ಟರು ಮುಂದುವರಿಸಿದರು. ಮಂಡ್ಯದಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು. 1921ರಿಂದ 1993ರವರೆಗೆ ಬಾಳಿದ ಅವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಅವರು ಇಲ್ಲಿಯ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಹೊಸ ತಳಿಗಳನ್ನು ಪಡೆದರು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳನ್ನು ಸೇರಿಸಿ ಅವಕ್ಕೆ ‘ಇಂಡಾಫ್’ ಎಂದು ಹೆಸರಿಟ್ಟರು. ಆ ಬೀಜದಿಂದ ಎಷ್ಟೋ ರೈತರ ಕಣ ತುಂಬಿತು. ಬೀಜ ಎಲ್ಲಿಯದೆಂದು ಕೇಳಿ ನೆಲವು ಅದನ್ನು ತಿರಸ್ಕರಿಸಲಿಲ್ಲ. ಆದರೆ ಬಿದ್ದ ಬೀಜವೆಲ್ಲ ಬೆಳೆಯಾಗಲೂ ಇಲ್ಲ. ಉತ್ತವರು, ಕಳೆ ಕಿತ್ತವರು, ಒಗ್ಗದುದನ್ನು ಬಿಟ್ಟು ಒಗ್ಗಿದುದನ್ನು ಉಳಿಸಿಕೊಂಡವರು ಅದನ್ನು ನಮ್ಮದಾಗಿ ಮಾಡಿದರು.

“ಆಸೆಯೂ ಹೀಗೆಯೇ. ಬೀಜ ಹೊರಗಿನದಾಗಿದ್ದರೆ ಅವಮಾನವಿಲ್ಲ. ಉಳದೆ, ಕಳೆ ಕೀಳದೆ, ‘ಇದು ನನ್ನ ಬೆಳೆ’ ಎಂದು ಹೇಳಿಕೊಂಡರೆ ಅದು ಸರಿಯಲ್ಲ,” ಎಂದರು ಮೇಷ್ಟರು.

“ಆದರೆ ಯಾವುದು ಬೆಳೆ, ಯಾವುದು ಕಳೆ ಅಂತ ತಿಳಿಯುವುದು ಹೇಗೆ ಸಾರ್?” ಎಂದು ಹಿಂದಿನ ಸಾಲಿನ ಹುಡುಗ ಕೇಳಿದನು.

ಆಗ ಮೇಷ್ಟರು ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನೆನಪಿಸಿದರು. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಬಂದಾಗ ಬತ್ತಕ್ಕೂ ರಾಗಿಗೂ ವಾದ ಹತ್ತಿತು. ಬತ್ತವು ತನಗಿದ್ದ ಮನ್ನಣೆಯನ್ನು ಹೇಳಿಕೊಂಡಿತು. ರಾಗಿಯು ಬಡವರನ್ನು ಕಾಪಾಡುವ ತನ್ನ ಗುಣವನ್ನು ಹೇಳಿತು. ಸಭೆಯಲ್ಲಿ ತೀರ್ಮಾನವಾಗಲಿಲ್ಲ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿದನು. ಅವಧಿ ಮುಗಿದು ಹೊರಗೆ ತಂದಾಗ ಬತ್ತವು ಕಂದಿ ಸತ್ವಗುಂದಿತ್ತು. ರಾಗಿ ಇದ್ದಂತೆಯೇ ಇತ್ತು. ರಾಮನು ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಟ್ಟನು. ಅದರಿಂದಲೇ ರಾಗಿ ಎಂಬ ಹೆಸರು ಬಂದಿತೆಂಬುದು ಆ ಕಾವ್ಯದ ಕಥೆ.

ಕನಕದಾಸರು ಈ ಕಥೆಯಲ್ಲಿ ಹೇಳಿದುದು ಧಾನ್ಯಗಳ ಜಗಳವನ್ನಷ್ಟೇ ಅಲ್ಲ. ಮೇಲು ಕೀಳೆಂದು ಜನರನ್ನು ಅಳೆಯುವ ಸಮಾಜದ ಅಳತೆಗೋಲನ್ನೇ ಅವರು ಪ್ರಶ್ನಿಸಿದರು. ಅದರೊಳಗೆ ನಮ್ಮ ವಿಷಯಕ್ಕೂ ಒಂದು ಉಪಾಯವಿದೆ. ಹೊಗಳುವವರೂ ನೋಡುವವರೂ ಇಲ್ಲದ ಕತ್ತಲೆಯಲ್ಲಿ ಯಾವುದು ಕೆಡದೆ ಉಳಿಯುತ್ತದೆಯೋ ಅದರ ಸತ್ವ ಅದರೊಳಗೇ ಇದೆ. ಯಾವುದು ಕೆಟ್ಟುಹೋಗುತ್ತದೆಯೋ ಅದು ಹೊರಗಿನ ಬೆಳಕಿನಿಂದ ಹೊಳೆಯುತ್ತಿತ್ತು.

ಮೇಷ್ಟರು ಮಕ್ಕಳ ಪುಸ್ತಕಗಳನ್ನೆಲ್ಲ ಒಂದು ದಾರದಿಂದ ಕಟ್ಟಿ ಬೀರುವಿನೊಳಗಿಟ್ಟು ಬೀಗ ಹಾಕಿದರು. “ಆರು ತಿಂಗಳ ಮೇಲೆ ತೆಗೆಯೋಣ. ಅಲ್ಲಿಯವರೆಗೆ ಈ ಆಸೆಯ ವಿಷಯವನ್ನು ಯಾರ ಮುಂದೆಯೂ ಹೇಳಿಕೊಳ್ಳಬೇಡಿ. ಹೇಳಿಕೊಳ್ಳದಿದ್ದರೂ ಅದು ಬದುಕಿರುತ್ತದೆಯೇ, ನೋಡೋಣ,” ಎಂದರು.

ಆ ಸಂಜೆ ಹುಡುಗಿ ಅಜ್ಜನಿಗೆ ಇದನ್ನೆಲ್ಲ ಹೇಳಿದಳು. ಅಜ್ಜ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನೆಲ ಸ್ವಲ್ಪ ತಗ್ಗಾಗಿದ್ದ ಒಂದು ಜಾಗವನ್ನು ತೋರಿಸಿದರು. ಹಿಂದೆ ಅಲ್ಲಿ ಹಗೇವು ಇತ್ತು. ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿದ್ದ ಗುಂಡಿ. ಅದರ ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಳು ಕಳೆದರೂ ರಾಗಿಗೆ ಹುಳು ಹಿಡಿಯುತ್ತಿರಲಿಲ್ಲ. ಬರ ಬಂದ ವರ್ಷ ಅದನ್ನು ತೆಗೆಯುತ್ತಿದ್ದರು. ತೆಗೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣಕ್ಕೆ ಅಪಾಯ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು.

“ಆಸೆಯೊಳಗೆ ಇಳಿಯೋ ಮುಂಚೆಯೂ ಒಂದು ದೀಪ ಬಿಟ್ಟು ನೋಡಬೇಕು ಕಣವ್ವ. ನಿಮ್ಮಪ್ಪನಿಗೂ ಅದನ್ನೇ ಹೇಳಬೇಕು ಅಂತಿದ್ದೆ,” ಎಂದರು ಅಜ್ಜ.

ಹೇಳಿದವಳು ಮೊಮ್ಮಗಳು. ಒಂದು ರಾತ್ರಿ ಊಟವಾದ ಮೇಲೆ ಅವಳು ತಂದೆಯ ಬಳಿ ಕುಳಿತು ಮೆಲ್ಲನೆ ಕೇಳಿದಳು: “ಅಪ್ಪಾ, ಈ ಊರಲ್ಲಿ ಬೇರೆ ಯಾರೂ ಅಡಿಕೆ ಹಾಕಿರದಿದ್ದರೂ ನೀನು ಹಾಕುತ್ತಿದ್ದೆಯಾ?”

ತಂದೆಗೆ ಮೊದಲು ಸಿಟ್ಟು ಬಂದಿತು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಅಡಿಕೆ ಮೇಲೆ ನನಗೇನು ಪ್ರೀತಿ ಇದೆ ಮಗಳೇ? ಇನ್ನು ಎರಡು ವರ್ಷಕ್ಕೆ ನೀನು ಕಾಲೇಜಿಗೆ ಹೋಗಬೇಕು. ರಾಗಿಯ ದುಡ್ಡಿನಲ್ಲಿ ಆಗುತ್ತದೆಯೇ ಎಂಬ ಭಯ ನನಗೆ,” ಎಂದರು.

ಹುಡುಗಿಗೆ ಮಾತೇ ಹೊರಡಲಿಲ್ಲ. ತಂದೆ ನೆರೆಯವರನ್ನು ನೋಡಿ ಆಸೆಪಡುತ್ತಿದ್ದಾರೆಂದು ಅವಳು ಎಣಿಸಿದ್ದಳು. ಮೇಲಿನ ಅಂಗಿ ಮಾತ್ರ ನೆರೆಯವರಿಂದ ಬಂದಿತ್ತು. ಒಳಗಿದ್ದ ಜೀವ ತಂದೆಯದೇ ಆಗಿತ್ತು. ಇತರರ ಆಸೆಯನ್ನು ಅನುಕರಣೆಯೆಂದು ಹಳಿಯುವುದು ಸುಲಭ. ಅದರ ಒಳಗೆ ಯಾವ ಪ್ರೀತಿ, ಯಾವ ಭಯ ಅಡಗಿದೆಯೆಂದು ಕೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆದರೆ ಒಳಗಿನ ಜೀವವನ್ನು ಗುರುತಿಸಿದ ಮೇಲೆ, ಅದಕ್ಕೆ ಇದೇ ಅಂಗಿ ತಕ್ಕುದೇ ಎಂದು ಯೋಚಿಸುವುದು ಸಾಧ್ಯವಾಗುತ್ತದೆ. ತಂದೆ ಮಗಳು ಅಜ್ಜ ಮೂವರೂ ಕುಳಿತು ಲೆಕ್ಕ ಹಾಕಿದರು. ತೆಂಗಿನ ತೋಟದ ಬಾವಿಯ ನೀರು ಸಾಲುವಷ್ಟೇ ಜಾಗದಲ್ಲಿ ಅಡಿಕೆ ಸಸಿ ಹಾಕುವುದು, ಉಳಿದ ಹೊಲದಲ್ಲಿ ರಾಗಿಯನ್ನೂ ಅದರ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳನ್ನೂ ಬಿತ್ತುವುದು, ಸಾಲದ ಕೊಳವೆಬಾವಿಯ ಮಾತನ್ನು ಸದ್ಯಕ್ಕೆ ಬಿಡುವುದು ಎಂದು ತೀರ್ಮಾನವಾಯಿತು.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅವರ ರಾಗಿಯೂ ಅರ್ಧಕ್ಕರ್ಧ ಒಣಗಿತು. ಸರಿಯಾಗಿ ಯೋಚಿಸಿದವರಿಗೆ ಮಳೆ ಹೆಚ್ಚು ಸುರಿಯುತ್ತದೆಂಬ ನಿಯಮವೇನೂ ಇಲ್ಲ. ಆದರೆ ಮನೆಯ ಮೇಲೆ ಹೊಸ ಸಾಲವಿರಲಿಲ್ಲ. ಬಂದ ಕಷ್ಟವು ತಾವು ಅರಿತು ಆರಿಸಿಕೊಂಡ ದಾರಿಯಲ್ಲಿ ಬಂದುದಾದ್ದರಿಂದ ಯಾರನ್ನೂ ದೂರುವ ಅಗತ್ಯ ಬೀಳಲಿಲ್ಲ.

2024ರ ಜನವರಿಯಲ್ಲಿ ಮೇಷ್ಟರು ಬೀರುವಿನ ಬೀಗ ತೆಗೆದರು. ಮಕ್ಕಳು ತಮ್ಮ ತಮ್ಮ ಪುಸ್ತಕಗಳನ್ನು ಓದಿಕೊಂಡರು. ಕೆಲವರಿಗೆ ತಾವು ಬರೆದುದನ್ನು ನೋಡಿ ನಗು ಬಂದಿತು. ಎಂಜಿನಿಯರಾಗುವೆನೆಂದು ಬರೆದಿದ್ದ ಒಬ್ಬ ಹುಡುಗನು ಆ ಆರು ತಿಂಗಳಲ್ಲಿ ಯಾರಿಗೂ ಹೇಳದೆ ಕೆಟ್ಟ ಪಂಪುಸೆಟ್ಟುಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತಿದ್ದನು. ಅವನ ಆಸೆ ಉಳಿದಿತ್ತು. ಇನ್ನೊಬ್ಬನು ಡಾಕ್ಟರಾಗುವ ಮಾತನ್ನು ಅಳಿಸಿ, ಕುರಿ ಸಾಕುವ ತನ್ನ ಮಾವನಂತೆ ಆಗುವೆನೆಂದು ಬರೆದನು. ಯಾರೂ ನಗಲಿಲ್ಲ. ಅವನನ್ನು ನೋಡಿ ಮತ್ತಿಬ್ಬರಿಗೆ ಧೈರ್ಯ ಬಂದು ಅವರೂ ತಮ್ಮ ಪುಸ್ತಕಗಳಲ್ಲಿ ಏನನ್ನೋ ತಿದ್ದಿದರು. ಮೊದಲು ಬರೆದುದನ್ನೇ ಒಂದಕ್ಷರವೂ ಬಿಡದೆ ಒಪ್ಪಿಕೊಂಡವರೂ ಇದ್ದರು. ಮೇಷ್ಟರು ಅವರ ಬೆನ್ನನ್ನೂ ತಟ್ಟಿದರು. ಹಲವರು ಬಯಸುತ್ತಾರೆಂಬ ಕಾರಣಕ್ಕೆ ಒಂದು ಆಸೆ ಸುಳ್ಳಾಗುವುದಿಲ್ಲ. ಯಾರೂ ಬಯಸುವುದಿಲ್ಲವೆಂಬ ಕಾರಣಕ್ಕೆ ನಿಜವೂ ಆಗುವುದಿಲ್ಲ.

ಹುಡುಗಿ ತನ್ನ ಪ್ರಬಂಧವನ್ನು ಎರಡು ಸಲ ಓದಿದಳು. ಬಿಳಿಯ ಕೋಟು, ಬೆಂಗಳೂರಿನ ಮನೆ, ಕಾರು, ಎದ್ದು ನಿಲ್ಲುವ ಜನ, ಇವೆಲ್ಲ ಯಾರದೋ ಪುಸ್ತಕದ ಮಾತುಗಳಂತೆ ಕಂಡವು. ಆದರೆ ಕೊನೆಯಲ್ಲಿ, ಪುಟ ತುಂಬಲಿಲ್ಲವೆಂದು ಸೇರಿಸಿದ್ದ ಒಂದು ವಾಕ್ಯವಿತ್ತು. ಸಕ್ಕರೆ ಕಾಯಿಲೆಯಿಂದ ಅಜ್ಜಿಯ ಕಾಲಿನಲ್ಲಿ ಹುಣ್ಣಾದಾಗ, ಪಟ್ಟಿ ಕಟ್ಟಿಸಲು ಕಡೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದುದನ್ನೂ, ಆಮೇಲೆ ದಾದಿಯೊಬ್ಬರು ಹೇಳಿಕೊಟ್ಟಂತೆ ಮನೆಯಲ್ಲಿ ತಾನೇ ಪಟ್ಟಿ ಕಟ್ಟಲು ಕಲಿತುದನ್ನೂ ಅವಳು ಅಲ್ಲಿ ಬರೆದಿದ್ದಳು. ಈ ಆರು ತಿಂಗಳೂ ಅವಳು ಆ ಕೆಲಸವನ್ನು ಬಿಟ್ಟಿರಲಿಲ್ಲ. ಯಾರೂ ಅದನ್ನು ನೋಡುತ್ತಿರಲಿಲ್ಲ, ಯಾರೂ ಹೊಗಳುತ್ತಿರಲಿಲ್ಲ. ಹುಣ್ಣು ಮಾಯುತ್ತ ಬಂದಂತೆ ಅವಳಿಗೆ ಮಾತ್ರ ಏನೋ ಹಗುರವಾಗುತ್ತಿತ್ತು.

ಅವಳು ಉಳಿದುದನ್ನೆಲ್ಲ ಹೊಡೆದುಹಾಕಿ ಆ ಒಂದು ವಾಕ್ಯವನ್ನು ಉಳಿಸಿಕೊಂಡಳು. ಡಾಕ್ಟರಾಗುವೆನೋ ದಾದಿಯಾಗುವೆನೋ ಅವಳಿಗೆ ಇನ್ನೂ ತಿಳಿದಿರಲಿಲ್ಲ. ತಿಳಿದಿದೆಯೆಂದು ಬರೆಯಲೂ ಇಲ್ಲ. ಮೇಷ್ಟರು ಆ ಪುಟವನ್ನು ಓದಿ, ಏನನ್ನೂ ತಿದ್ದದೆ, ಪುಸ್ತಕವನ್ನು ಅವಳ ಕೈಗೆ ಹಿಂದಿರುಗಿಸಿದರು.

ಆ ದಿನ ಶಾಲೆ ಬಿಟ್ಟಾಗ ಊರಿನ ಕಣಗಳಲ್ಲಿ, ಬರದಲ್ಲಿಯೂ ಉಳಿದಷ್ಟು ರಾಗಿಯನ್ನು ಹಸನು ಮಾಡುತ್ತಿದ್ದರು. ಗಾಳಿಗೆ ತೂರಿದಾಗ ಹೊಟ್ಟು ದೂರ ಹಾರಿಹೋಗುತ್ತಿತ್ತು. ಕಾಳು ಕಾಲ ಬಳಿಯೇ ಬೀಳುತ್ತಿತ್ತು. ಹುಡುಗಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ, ಅಜ್ಜಿಗೆ ಪಟ್ಟಿ ಬದಲಾಯಿಸುವ ಹೊತ್ತಾಯಿತೆಂದು ನೆನಪಾಗಿ, ಬೇಗ ಬೇಗ ಮನೆಯ ಕಡೆಗೆ ನಡೆದಳು.